ಕೊಳೆತ ಕಲ್ಲಿನ ಜಿರ್ಕಾನ್

ಪಿಎಚ್‌ಡಿಯಲ್ಲಿ ನಾನು ಬರೆದ ಮೊದಲ ಸುಳ್ಳು ಒಂದೇ ಪದದ್ದು. ಫೀಲ್ಡ್ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್‌ನಲ್ಲಿ: ‘ಫ್ರೆಶ್’. ಅಂದರೆ ಮಳೆ ಬಿಸಿಲಿಗೆ ಸಡಿಲವಾಗದ ಗಟ್ಟಿ ಕಲ್ಲು.

ಎರಡು ಸಾವಿರದ ದಶಕದ ನಡುವೆ ಎಲ್ಲೋ. ಅನ್ನಪೂರ್ಣೇಶ್ವರಿ ನಗರದಲ್ಲಿ ಸೈಟು ಸೈಟಿಗೂ ಪಾಯ ತೋಡುತ್ತಿದ್ದರು. ನೆಲದಡಿಯ ಬಂಡೆ ಭೂವಿಜ್ಞಾನದ ವಿದ್ಯಾರ್ಥಿಗಳಾದ ನಮಗೆ ಪುಕ್ಕಟೆ ಸಿಗುತ್ತಿತ್ತು. ಸುತ್ತಿಗೆ, ಗೋಣಿಚೀಲ ಹಿಡಿದು ಒಂದು ಗುಂಡಿಗೆ ಇಳಿದೆ. ಕಲ್ಲು ಕೈಯಲ್ಲೇ ಪುಡಿಯಾಯಿತು. ಕೆಲಸ ಸುಲಭವಾಯಿತೆಂದು ಖುಷಿಯಾಯಿತು. ಪಕ್ಕದಲ್ಲಿ ಕಲ್ಲು ಒಡೆಯುತ್ತಿದ್ದ ರಾಯಚೂರು ಕಡೆಯವನು ಕೈ ನಿಲ್ಲಿಸಿ ನೋಡಿದ.

“ಅದು ಕೊಳತ ಕಲ್ಲ್ರಿ ಸರ. ನಾಳಿ ಬರ್ರಿ, ತಳದಾಗಿಂದು ಗಟ್ಟಿದು ಒಡದ ಕೊಡ್ತೀನಿ.”

ಕೆಂಗೇರಿ ಉಪನಗರದ ರೂಮಿಗೆ ಬಸ್ ತಪ್ಪುತ್ತದೆಂಬ ಅವಸರ ಎಂದು ಈ ಕತೆ ಹೇಳುವಾಗೆಲ್ಲ ಹೇಳುತ್ತೇನೆ. ಕೆಂಗೇರಿ ಬಸ್ಸು ಅಷ್ಟು ಅಪರೂಪವೇನಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು ಎಂದೂ ಒಮ್ಮೆ ಹೇಳಿದ್ದೇನೆ. ಬೊಬ್ಬೆ ಏಳುವಷ್ಟು ಕೆಲಸ ಮಾಡಿದ ನೆನಪಿಲ್ಲ. ಪುಡಿಯನ್ನೇ ತುಂಬಿಕೊಂಡು, ‘ಫ್ರೆಶ್’ ಎಂದು ಬರೆದುಕೊಂಡು ಬಂದೆ.

ನನಗೆ ಬೇಕಿದ್ದದ್ದು ಬಂಡೆಯ ವಯಸ್ಸು; ಅದನ್ನು ಹೇಳುವುದು ಜಿರ್ಕಾನ್. ಜಿರ್ಕಾನ್ ಎಂದರೆ ಬಂಡೆಯೊಳಗಿನ, ಸಣ್ಣ ರವೆಗಿಂತ ಸಣ್ಣ ಹರಳು. ಅದರಲ್ಲಿ ಎರಡು ಬಗೆಯ ಯುರೇನಿಯಂ ಬೇರೆ ಬೇರೆ ವೇಗದಲ್ಲಿ ಸೀಸವಾಗುತ್ತ ಹೋಗುತ್ತವೆ. ಒಂದೇ ಹರಳಿಗೆ ಎರಡು ಗಡಿಯಾರ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಆದರೆ ಯುರೇನಿಯಂ ಹೆಚ್ಚಿರುವ ಹರಳು ತನ್ನ ವಿಕಿರಣಕ್ಕೆ ತಾನೇ ಒಳಗೊಳಗೆ ಜಜ್ಜಿಹೋಗಿರುತ್ತದೆ. ಅಂಥದ್ದರೊಳಗೆ ನೀರಿಳಿದರೆ ಸೀಸ ತೊಳೆದುಹೋಗಿ, ವಯಸ್ಸು ಕಡಿಮೆಯಾಗಿ, ಗಡಿಯಾರಗಳು ಜಗಳಕ್ಕೆ ನಿಲ್ಲುತ್ತವೆ.

ಬೇರೆ ಊರಿನ ಲ್ಯಾಬಿನಿಂದ ಬಂದ ಹಾಳೆಯಲ್ಲಿ ಬರೀ ಜಗಳ. ನಾನು ತಲೆ ತಗ್ಗಿಸಿದರೆ ಗೈಡ್ ಮೇಡಂ ಮುಖ ಅರಳಿತು. ಯಾವುದೋ ಕಾಲದಲ್ಲಿ ಭೂಮಿಯ ಆಳದಿಂದ ಬಿಸಿ ದ್ರವ ಈ ಬಂಡೆಯೊಳಗೆ ಹರಿದಿರಬೇಕು, ಇದನ್ನು ಯಾರೂ ಗುರುತಿಸಿಲ್ಲ ಎಂದರು. ಕಲ್ಲು ಫ್ರೆಶ್ ತಾನೇ ಎಂದು ಕೇಳಿದರು. ನೋಟ್‌ಬುಕ್ ತೆರೆದು ತೋರಿಸಿದೆ.

ಮೂರು ವಾರ ಆ ದ್ರವದ ಬಗ್ಗೆ ಬರೆದೆ. ಅದಕ್ಕೊಂದು ಉಷ್ಣತೆ ಕೊಟ್ಟೆ, ಬಂದ ದಾರಿ ಕೊಟ್ಟೆ. ಇನ್ನೊಂದು ವಾರ ಸಿಕ್ಕಿದ್ದರೆ ಗೋತ್ರವನ್ನೂ ಕೊಡುತ್ತಿದ್ದೆ. ಆಗ ಮೇಡಂ, ಇದನ್ನು ಸಂಶೋಧನಾ ಪತ್ರಿಕೆಗೆ ಕಳಿಸೋಣ, ನನ್ನ ಹೆಸರೂ ಇರಲಿ ಎಂದರು. ತಂದದ್ದು ಕೊಳೆತ ಕಲ್ಲು ಎಂದು ಅಂದೇ ಹೇಳಿಬಿಟ್ಟೆ. ಪ್ರಾಮಾಣಿಕತೆ ಎಂದು ಬರೆಯಲು ಕೈ ಬರುತ್ತಿಲ್ಲ. ಅವರ ಹೆಸರು ನನ್ನ ಸುಳ್ಳಿನ ಕೆಳಗೆ ಅಚ್ಚಾಗುತ್ತದಲ್ಲ ಎಂಬ ಸಂಕಟ ಕಾಲುಭಾಗ, ಸಿಕ್ಕಿಬೀಳುವ ಭಯ ಉಳಿದದ್ದು.

ಮೇಡಂ ಕನ್ನಡಕ ತೆಗೆದರು. “ಮೂರು ವಾರ ಮಳೆನೀರಿನ ಚರಿತ್ರೆ ಬರ್ದಿದ್ಯೇನೋ? ಹೋಗು, ಗಟ್ಟಿ ಕಲ್ಲು ತಗೊಂಡ್ ಬಾ.”

ಹೋದರೆ ಗುಂಡಿ ಇಲ್ಲ; ಕಾಂಕ್ರೀಟ್ ಸುರಿದು ಗೋಡೆ ಎದ್ದಿತ್ತು. ಅದೇ ಮನುಷ್ಯ ಈಗ ಅಲ್ಲಿ ಗಾರೆ ಕಲಸುತ್ತಿದ್ದ.

“ನಾಳಿ ಅಂದಿದ್ದೆ ಸರ. ಆರ ತಿಂಗಳಕ್ಕ ಬಂದ್ರಿ.”

ಆ ತಳದ ಕಲ್ಲು ಒಂದೇ ಒಂದು ಉಳಿದಿತ್ತು, ಅವರ ಶೆಡ್ಡಿನ ಮುಂದೆ. ಅದರ ಮೇಲೆ ಅವನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು. ನಾನು ವಿಜ್ಞಾನ ವಿವರಿಸಿದೆ. ಒಗೆಯುವುದು ಮುಗಿಯಲಿ ಎಂದಳು. ಬಕೆಟ್ಟಿಗೆ ನೀರು ತಂದುಕೊಟ್ಟು ಕಾದೆ. ಕೊನೆಗೆ ಅವನು ಒಂದೇ ಏಟಿಗೆ ಮೂಲೆ ಹಾರಿಸಿ, ಸಾಬೂನು ಮುಟ್ಟದ ಒಳಭಾಗವನ್ನು ಕೈಗಿಟ್ಟ.

ಈ ಸಲ ಗಡಿಯಾರಗಳು ಹೆಚ್ಚುಕಡಿಮೆ ಒಪ್ಪಿದವು. ಬಿಸಿ ದ್ರವ ಎಲ್ಲಿಯೂ ಹರಿದಿರಲಿಲ್ಲ. ಅಧ್ಯಾಯ ಅರ್ಧ ಪುಟಕ್ಕಿಳಿಯಿತು. ಮೇಡಂ ಅದನ್ನು ಎರಡು ಸಲ ಓದಿ, ಕಳಿಸುವಂಥದ್ದಲ್ಲ, ಆದರೆ ಥೀಸಿಸ್‌ನಲ್ಲಿ ಇರಲಿ ಎಂದರು.

ಆ ದ್ರವದ ಹಳೆಯ ಪುಟಗಳನ್ನು ಹರಿದೆಸೆದೆ ಎಂದು ಬರೆಯುವ ಆಸೆ. ಎಸೆದಿಲ್ಲ. ನಾನು ಬರೆದದ್ದರಲ್ಲಿ ಅಷ್ಟು ಚೆನ್ನಾಗಿರುವುದು ಬೇರೆ ಇಲ್ಲ. ಈಗಲೂ ತೆಗೆದು ಓದಿದರೆ ನಾಲ್ಕನೇ ಪುಟದ ಹೊತ್ತಿಗೆ ನಂಬಿಬಿಡುತ್ತೇನೆ.