ಬಾಯಿ ತುಂಬ ಎಲೆ, ಮೂರು ಹೊಲಕ್ಕೆ ಹ್ಞೂಂ

ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ಫೋನ್ ಎತ್ತಬಾರದು. ಇದನ್ನು ಕಲಿಯಲು ನನಗೆ ಮುದುಕಿಯಾಗುವ ತನಕ ಹಿಡಿಯಿತು.

ಮೊರಬದ ಸುತ್ತಿನ ಹೊಲಗಳಿಗೆ ಹೆಣ್ಣಾಳು ಕಳಿಸುವವಳು ನಾನು. ಗುಂಪಿನಲ್ಲಿ ಇಪ್ಪತ್ತೊಂದು ಹೆಂಗಸರು. ಯಾರು ಯಾವ ಹೊಲಕ್ಕೆ ಎಂಬುದು ನನ್ನ ಮಾತು. ನನಗೆ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತದೆ. ಯಾರ ಕೈ ಚುರುಕು, ಯಾರ ಬಾಯಿ ಚುರುಕು ಎಂದು ಗೊತ್ತಿದ್ದರೆ ಆಳು ಹಂಚಲು ಸಾಕು.

ಆ ಸಲ ಹೆಸರುಕಾಳಿನ ಬೆಳೆ ಬಲಿತು ಒಣಗಿ ನಿಂತಿತ್ತು. ಆಕಾಶದ ಅಂಚಿಗೆ ಮೋಡವೂ ನಿಂತಿತ್ತು. ಸಂಜೆ ಎಲೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದೆ. ಪಿಂಚಣಿ ಮಾಸ್ತರು ಫೋನ್ ಮಾಡಿದರು: ನಾಲ್ಕು ಎಕರೆ ಹೆಸರು ಬಿಡಿಸಬೇಕು, ನಾಳೆ ಹನ್ನೆರಡು ಆಳು. "ಹ್ಞೂಂ" ಅಂದೆ. ಕೇಳಿಸಿತು ಎಂದಷ್ಟೇ ನನ್ನ ಅರ್ಥ. ಅವರು ಇಟ್ಟೇಬಿಟ್ಟರು. ಹಿಂದೆಯೇ ಗೌಡರು: ಉಳ್ಳಾಗಡ್ಡಿಯಲ್ಲಿ ಕಳೆ ಎದ್ದಿದೆ, ನಾಳೆ ಹತ್ತು ಆಳು. ಮತ್ತೆ "ಹ್ಞೂಂ". ಅವರೂ ಇಟ್ಟರು.

ಅಷ್ಟರಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಂದು ನಿಂತಳು.

"ಅಕ್ಕಾ, ನನ್ನ ಎರಡೆಕರೆ ಹೆಸರು ನಾಳೆ ಬಿಡಿಸಲಿಲ್ಲಂದ್ರ ಹೋದಂಗ. ಹ್ವಾದ ವರ್ಷ ಗಿಡದಾಗ ಮೊಳಕಿ ಒಡದ್ವು. ಈ ಸಲನೂ ಹಂಗಾತಂದ್ರ ಹೊಲ ಬ್ಯಾರೆಯವರಿಗೆ ಲಾವಣಿಗೆ ಕೊಟ್ಟುಬಿಡತೇನಿ. ಹೆಸರು ಬಿತ್ತೂದು ಬಿಟ್ಟು ನಿನ್ನ ಗುಂಪಿನ್ಯಾಗ ಹೆಸರು ಬರಸತೇನಿ."

ಮುಂಗಾರಿನಲ್ಲಿ ಅವಳು ಐದು ಜನರನ್ನು ಕಟ್ಟಿಕೊಂಡು ಬಂದು ನನ್ನ ಹೊಲದ ಕಳೆ ತೆಗೆದಿದ್ದಳು. ಅದು ಮುಯ್ಯಿ. ಆಳಿಗೆ ಆಳೇ ಹೋಗಬೇಕು. ಅವಳಿಗೂ "ಹ್ಞೂಂ" ಅಂದೆ. ಮೂರರಲ್ಲಿ ನಿಜವಾದ ಹ್ಞೂಂ ಅದೊಂದೇ.

ಬೆಳಕು ಹರಿಯುವ ಮುಂಚೆ ಮೊರದಲ್ಲಿ ಇಪ್ಪತ್ತೊಂದು ಜೋಳದ ಕಾಳು ಹಾಕಿ ಸರಿಸತೊಡಗಿದೆ. ಆಳು ಬೇಕಾದದ್ದು ಇಪ್ಪತ್ತೇಳು. ಅದರಲ್ಲೂ ಒಂದು ಜೋಡಿ ಅತ್ತೆ-ಸೊಸೆ ಒಂದೇ ಸಾಲಿನಲ್ಲಿ ನಿಂತರೆ ಕೆಲಸ ನಿಂತು ಜಗಳ ನಡೆಯುತ್ತದೆ. ಕೈ ನಿಧಾನವಿದ್ದ ಮಾತುಗಾರ್ತಿಯರನ್ನು, ಆ ಅತ್ತೆಯೂ ಸೇರಿ ಐದು ಮಂದಿಯನ್ನು, ಉಳ್ಳಾಗಡ್ಡಿಗೆ ಹಾಕಿದೆ. ಚುರುಕು ಕೈಯ ಹನ್ನೊಂದು ಮಾಸ್ತರರಿಗೆ, ಐದು ನೆಗೆಣ್ಣಿಗೆ. ಬಿಸಿಲೇರಿದರೆ ಹೆಸರಿನ ಕಾಯಿ ಮುಟ್ಟಿದ ಕೂಡಲೇ ಸಿಡಿಯುತ್ತದೆ, ಬಿಡಿಸಲಾಗದು. ಆಗ ಎಲ್ಲರೂ ಉಳ್ಳಾಗಡ್ಡಿಗೆ. ಲೆಕ್ಕ ಕೂಡಿತು! ಎದ್ದು ಸೀರೆ ಕಚ್ಚೆ ಹಾಕಿದೆ.

ಗೌಡರು ಟ್ರ್ಯಾಕ್ಟರ್ ತಂದವರು ಐದೇ ತಲೆ ಕಂಡು ಉರಿದರು.

"ಹತ್ತು ಅಂದಿದ್ದೆನಲ್ಲಬೇ! ಹ್ಞೂಂ ಅಂದಿ!"

"ಬಾಯಾಗ ಎಲಿ ಇತ್ರಿ. ಬಿಸಲಾದ ಮ್ಯಾಲ ಹದಿನಾರು ಮಂದಿ ಬರತಾರ. ಕಳೆ ಎಲ್ಲಿಗೂ ಓಡಿ ಹೋಗಂಗಿಲ್ರಿ."

"ಕರಿ ಎರಿ ಮಣ್ಣಿನ ಹೊಲ ಐತಿ. ಮಳಿ ಬಿತ್ತಂದ್ರ ವಾರಗಟ್ಟಲೆ ಕಾಲಿಡಾಕ ಆಗಂಗಿಲ್ಲ!"

ಅದೂ ಖರೆಯೇ. ಬಿಸಿಲನ್ನು ನಂಬಿ ಮಾತು ಕೊಟ್ಟೆ.

ಬಿಸಿಲು ಬರಲೇ ಇಲ್ಲ. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಮೋಡ ನೆತ್ತಿಗೆ ಬಂದಿತ್ತು. ಕಾಯಿ ಮುಟ್ಟಿ ನೋಡಿದೆ. ಸಿಡಿಯಲಿಲ್ಲ, ಮೆತ್ತಗಿತ್ತು! ಯಾವ ಮೋಡಕ್ಕೆ ಹೆದರಿದ್ದೆವೋ ಅದೇ ಬಿಡಿಸಲು ಹೊತ್ತು ಕೊಟ್ಟಿತ್ತು. ಕೈ ತೊಳೆದು ರೊಟ್ಟಿ ತಿನ್ನಲೂ ಯಾರೂ ಕೂಡಲಿಲ್ಲ. ಮಾಸ್ತರರ ಹೊಲ ಮುಗಿಯುತ್ತಲೇ ಹನ್ನೊಂದು ಮಂದಿಯನ್ನೂ ಹಳ್ಳದ ಬದಿಯ ನೆಗೆಣ್ಣಿಯ ಹೊಲಕ್ಕೆ ಓಡಿಸಿದೆ. ಹದಿನಾರು ಮಂದಿ ಒಂದೇ ಸಾಲಾಗಿ ಇಳಿದರು. ಉಡಿಗಳು ತುಂಬುತ್ತಿದ್ದವು, ಚೀಲಗಳು ಏಳುತ್ತಿದ್ದವು.

"ಕೈ ಬಿಡಬ್ಯಾಡ್ರಬೇ!" ಎಂದು ಕೂಗಿದೆ.

"ನೀ ಬಾಯಿ ಬಿಡಬ್ಯಾಡ, ಇಲ್ಲಂದ್ರ ಇನ್ನೊಂದು ಹೊಲ ಬಂದೀತು!" ಎಂದಳು ಆ ಸೊಸೆ. ಗುಂಪೆಲ್ಲ ಹೋ ಎಂದಿತು.

ಗೌಡರು ಬೈಯುತ್ತಲೇ ಟ್ರೇಲರ್ ತಂದರು, ಆಳುಗಳನ್ನು ಎತ್ತಿಕೊಂಡು ಹೋಗಲು. ಕಡೆಯ ಸಾಲು ಉಳಿದಿತ್ತು. ಮಣ್ಣಿನ ವಾಸನೆ ಬಂತು.

"ಗೌಡ್ರ, ಆಳು ಆಮ್ಯಾಲೆ. ಮೊದಲು ಚೀಲ ಏರಸ್ರಿ."

ನನ್ನ ಮುಖ ನೋಡಿದರು, ಆಕಾಶ ನೋಡಿದರು, ಕೆಳಗಿಳಿದು ಚೀಲಕ್ಕೆ ಕೈ ಹಾಕಿದರು. ತಾಡಪತ್ರಿ ಹೊದಿಸಿ ಬಿಗಿಯುವಾಗ ದಪ್ಪ ಹನಿ ಅದರ ಮೇಲೆ ಪಟಪಟ ಬಡಿದವು. ನೆಗೆಣ್ಣಿ ಚೀಲಗಳ ಮೇಲೆ ಹತ್ತಿ ಕುಳಿತು ನಗುತ್ತಿದ್ದಳು. ಹೊಲ ಲಾವಣಿಗೆ ಕೊಡುವ ಮಾತು ಮತ್ತೆ ಎತ್ತಲಿಲ್ಲ.

ಗೌಡರ ಉಳ್ಳಾಗಡ್ಡಿ ಅರ್ಧ ಕಳೆಯಲ್ಲೇ ಉಳಿಯಿತು. ಹೊಲ ಆರಿದ ದಿನ ಇಪ್ಪತ್ತೊಂದು ಮಂದಿಯನ್ನೂ ಅಲ್ಲಿಗೇ ಒಯ್ದೆ. ಬೇರೆ ಯಾರಿಗೂ ಒಂದು ಆಳನ್ನೂ ಕೊಡಲಿಲ್ಲ. ಗೌಡರು ಬದುವಿನ ಮೇಲೆ ನಿಂತು, "ಇನ್ನ ಮ್ಯಾಲ ನಿನ್ನ ಹ್ಞೂಂ ನಂಬಂಗಿಲ್ಲಬೇ, ಬಾಯಿ ಬಿಟ್ಟು ಹೇಳಬೇಕು" ಎಂದರು. ಹೌದ್ರಿ ಎನ್ನೋಣವೆಂದರೆ ಆಗಲೂ ಬಾಯಲ್ಲಿ ಎಲೆ ಇತ್ತು. ಉಗುಳಿ ಬಂದು ಹೇಳಿದೆ.