ಟೀಚರಿಗೆ ಒಂದೇ ಬಿಸ್ಕತ್ತು

ಮೊನ್ನೆ ಇಲ್ಲಿ ದುಬೈಯ ಮಿರ್ದಿಫಿನ ಸೂಪರ್ ಮಾರ್ಕೆಟಿನಲ್ಲಿ ಯಾರದೋ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಬಿದ್ದು ಒಡೆಯಿತು. ದಾಲ್ಚಿನ್ನಿ, ಲವಂಗದ ಪರಿಮಳ. ಬಸಳೆಯ ಕಟ್ಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮಗಳ ಹಿಸ್ಟರಿ ಟೀಚರ ಮನೆಯ ವಾಸನೆ ಅದು...

ಡಚ್ ಹೆಂಗಸು. ನಮ್ಮ ಕಾಂಪೌಂಡಿನಲ್ಲೇ ಇದ್ದಳು. ಟೀಚರನ್ನು ಏಕವಚನದಲ್ಲಿ ಕರೆಯಬಾರದೆಂದು ನನಗೂ ಗೊತ್ತು. ಆದರೂ ಕರೆಯುತ್ತೇನೆ.

ಗಂಡನ ಕಂಪೆನಿ ಡಚ್ಚರದು. ಫೀಸು ಅವರೇ ಕೊಡುತ್ತಿದ್ದರಿಂದ ಮಗಳನ್ನು ಡಚ್ ಪದ್ಧತಿಯ ಶಾಲೆಗೆ ಹಾಕಿದ್ದೆವು. ಅಲ್ಲಿ ಮಗುವಿಗೆ ಹನ್ನೆರಡಾಗುವಾಗ ಟೀಚರು ಸಲಹೆ ಕೊಡುತ್ತಾರೆ: ಮುಂದೆ ಯೂನಿವರ್ಸಿಟಿಯ ಓದೋ, ಕಸುಬು ಕಲಿಯುವ ಓದೋ ಎಂದು. ಅದು ನಮಗೆ ಸಲಹೆಯಾಗಿ ಕೇಳಿಸಲಿಲ್ಲ, ತೀರ್ಪಾಗಿ ಕೇಳಿಸಿತು.

ಆ ವರ್ಷ ಅವಳು ಪಾಠ ಮಾಡಿದ್ದು ಡಚ್ಚರ ಹಡಗುಗಳು ನಮ್ಮ ಕರಾವಳಿಗೆ ಅಕ್ಕಿ, ಕಾಳುಮೆಣಸಿಗಾಗಿ ಬಂದ ಕಥೆ. ನಾನು ಅಡುಗೆಮನೆಯಲ್ಲಿ ಮೀನು ತೊಳೆಯುತ್ತಾ ಮಗಳಿಂದ ಪುಟಪುಟ ಬಾಯಿಪಾಠ ಮಾಡಿಸಿದೆ. ನಾವು ಕಲಿತದ್ದು ಹಾಗೇ ಅಲ್ಲವೇ? ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ.

ಸಲಹೆಯ ದಿನ ಮಗಳನ್ನೂ ಎದುರಿಗೆ ಕೂರಿಸಿಕೊಂಡೇ ಟೀಚರು ಹೇಳಿದಳು, "ಇವಳಿಗೆ ಎಲ್ಲ ನೆನಪಿದೆ. ಆದರೆ ಇದನ್ನು ಬರೆದದ್ದು ಯಾರು, ನಾನು ಯಾಕೆ ನಂಬಬೇಕು ಅಂತ ಒಮ್ಮೆಯೂ ಕೇಳಲಿಲ್ಲ. ಕಸುಬಿನ ಓದು ಇವಳಿಗೆ ಒಳ್ಳೆಯದು."

ಮಗಳು ಶೂ ನೋಡುತ್ತಾ ಕೂತಳು. ಆ ತಗ್ಗಿದ ತಲೆಯನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಕೆಲವು ದಿನ ಬಿಟ್ಟು ಟೀಚರನ್ನು ಚಹಾಕ್ಕೆ ಕರೆದೆ. ಮರ್ಯಾದೆ ತೆಗೆಯಲಿಕ್ಕೆಂದೇ. ನೀರ್ ದೋಸೆ ಇಲ್ಲ, ಕೋಳಿ ಇಲ್ಲ. ಒಂದು ಕಪ್ ಚಹಾ, ಒಂದೇ ಒಂದು ಬಿಸ್ಕತ್ತು. ಕೊಟ್ಟು, ಅವಳ ಕಣ್ಣೆದುರೇ ಡಬ್ಬಿಯ ಮುಚ್ಚಳ ಟಪ್ಪೆಂದು ಹಾಕಿದೆ. ನಮ್ಮೂರಲ್ಲಾದರೆ ಆ ನೆಂಟರು ಮತ್ತೆ ಮೆಟ್ಟಿಲು ತುಳಿಯುತ್ತಿರಲಿಲ್ಲ.

ಅವಳ ಮುಖ ಅರಳಿತು! "ನಮ್ಮ ಅಮ್ಮ ಹೀಗೇ ಒಂದು ಕೊಟ್ಟು ಡಬ್ಬಿ ಮುಚ್ಚುತ್ತಿದ್ದರು. ದುಬೈಗೆ ಬಂದ ಮೇಲೆ ಮೊದಲ ಸಲ ನಮ್ಮ ಮನೆಯಲ್ಲಿ ಕೂತ ಹಾಗಾಯಿತು," ಎಂದಳು.

ಒಳಗಿಂದ ಗಂಡ ಕಿಸಕ್ಕೆಂದರು. ಅವಳು ಹೋದ ಮೇಲೆ, "ಎಂತ ಮಾರಾಯ್ತಿ, ಮರ್ಯಾದೆ ತೆಗಿಲಿಕ್ಕೆ ಹೋಗಿ ಸನ್ಮಾನ ಮಾಡಿ ಕಳಿಸಿದೆಯಲ್ಲ! ಇನ್ನು ಖಲಾಸ್, ಬಿಟ್ಟುಬಿಡು," ಎಂದರು.

ಬಿಡಲಿಲ್ಲ. ಮಗಳನ್ನು ಇಂಡಿಯನ್ ಸ್ಕೂಲಿಗೆ ಸೇರಿಸಿದೆವು. ಬೇರೆ ಏನಾದರೂ ಓದು ಎಂದರೂ ಹಟ ಹಿಡಿದು ಹಿಸ್ಟರಿಯಲ್ಲೇ ಎಂ.ಎ. ಮಾಡಿದಳು. ಈ ವರ್ಷ ಅಬುಧಾಬಿಯಲ್ಲಿ ಹಿಸ್ಟರಿ ಟೀಚರಾದಳು. ಆ ಹೆಂಗಸಿಗೆ ಹೇಳಬೇಕಾದ ಮಾತನ್ನು ನಾನು ಇಂಗ್ಲಿಷಿನಲ್ಲಿ, ಒಂದು ಪದ ತಪ್ಪದ ಹಾಗೆ, ವರ್ಷಗಟ್ಟಲೆ ಬಾಯಿಪಾಠ ಮಾಡಿಟ್ಟಿದ್ದೆ.

ಸೂಪರ್ ಮಾರ್ಕೆಟಿನಿಂದ ಬಂದವಳೇ ಹಳೆಯ ನೆರೆಯವರಿಗೆ ಫೋನ್ ಮಾಡಿ ವಿಚಾರಿಸಿದೆ. ತನ್ನ ಊರಿಗೆ ವಾಪಸಾಗಿದ್ದ ಟೀಚರು ಕಳೆದ ಚಳಿಗಾಲದಲ್ಲೇ ತೀರಿಕೊಂಡಳಂತೆ...

ಫೋನಿನಲ್ಲಿ ಸುದ್ದಿ ಕೇಳಿ ಮಗಳು ಅತ್ತಳು. ನನಗೆ ರೇಗಿತು. "ಅಳ್ಲಿಕ್ಕೆ ಎಂತ ಉಂಟು? ನಿನ್ನನ್ನು ದಡ್ಡಿ ಅಂದವಳು!"

"ಮಮ್ಮಿ, ಪ್ಲೀಸ್. ಕ್ಲಾಸಲ್ಲಿ ನಾನೀಗ ಮಕ್ಕಳಿಗೆ ಮೊದಲು ಕೇಳೋದೇ ಅವರ ಕ್ವೆಶ್ಚನ್, ಇದನ್ನು ಬರೆದದ್ದು ಯಾರು ಅಂತ."

ಮಗಳೂ ಆ ಹೆಂಗಸಿನ ಪಕ್ಷವೇ ಸೇರಿದಳು. ನಾನು ಪಾತ್ರೆ ತೊಳೆಯಲು ನಿಂತೆ. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲೇ ಇದೆ, ಕೇಳಬೇಕಾದವಳಿಲ್ಲ. ಒಮ್ಮೆ ನನ್ನೆದುರು ಸೋತು, ಆಮೇಲೆ ಸಾಯಬಹುದಿತ್ತು ಅವಳು.