ಶಾಂತಾಳ ಹೊಟ್ಟೆಯ ಸದ್ದು

“ಡಾಕ್ಟ್ರೇ, ನನ್ನ ಹೊಟ್ಟಿಗೂ ಇಟ್ಟು ಕೇಳ್ರಿ,” ಎಂದು ಹಡಗಲಿಯ ದವಾಖಾನೆಯಲ್ಲಿ ನಾನೇ ಮಂಚದ ಮೇಲೆ ಮಲಗಿಬಿಟ್ಟೆ.

ಹಿಂದೊಮ್ಮೆ ನನ್ನ ಓರಗಿತ್ತಿ ಶಾಂತಾಳ ಹೊಟ್ಟೆಗೆ ಅವರು ಸ್ಟೆತಸ್ಕೋಪ್ ಇಟ್ಟಾಗ ಗುರ್ ಎಂಬ ಸದ್ದು ಕೇಳಿತ್ತು. ಕಿಡ್ನಿಯೊಳಗೆ ಎರಡು ರಕ್ತನಾಳ ಕೂಡಬಾರದ ಕಡೆ ಕೂಡಿಕೊಂಡು ಬಿ.ಪಿ. ಏರಿಸಿದ್ದವಂತೆ. ಹುಬ್ಬಳ್ಳಿಯಲ್ಲಿ ಆ ಕೂಡಿಕೆಯನ್ನು ಮುಚ್ಚಿಸಿಕೊಂಡು ಬಂದಳು, ಅವಳ ಬಿ.ಪಿ. ಗುಳಿಗೆ ನಿಂತವು. ಎಂಟು ವರ್ಷದಿಂದ ಬಿ.ಪಿ. ಇರುವ ನನ್ನ ಜೊತೆ ಉಪ್ಪಿಲ್ಲದ ಸಾರು ಉಣ್ಣುತ್ತಿದ್ದವಳು ಈಗ ನನ್ನೆದುರೇ ಉಪ್ಪಿನಕಾಯಿ ನೆಕ್ಕುತ್ತಾಳೆ. ಆ ಸಾರಿನ ಪುಟ್ಟ ಗಡಿಗೆ ನನ್ನೊಬ್ಬಳ ಪಾಲಾಯಿತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಡಾಕ್ಟರು ಎರಡೂ ಬದಿ ಇಟ್ಟು ಕೇಳಿದರು. “ನಿಮಗ ಆ ದೋಷ ಇಲ್ರಿ ಅಮ್ಮಾರೇ. ಗುಳಿಗಿ ಬಿಡಬ್ಯಾಡ್ರಿ.”

ದೋಷವಿಲ್ಲ ಎಂದಿದ್ದಕ್ಕೆ ನಮ್ಮೂರು ಇಟ್ಟಿಗಿಯ ತನಕ ಬಸ್ಸಿನಲ್ಲಿ ಅತ್ತವಳು ನಾನೊಬ್ಬಳೇ ಇರಬೇಕು.